ಆಂಜಿಯೋಗ್ರಾಂ, ಬೈಪಾಸ್‌ಗೆ ಮುನ್ನ ರಕ್ತನಾಳಗಳನ್ನು ಸಜ್ಜುಗೊಳಿಸುವ ವ್ಯಾಯಾಮ

ಆಂಜಿಯೋಪ್ಲಾಸ್ಟಿಗೋ (ಸ್ಟೆಂಟ್ ಹಾಕಿಸುವುದಕ್ಕೋ) ಬೈಪಾಸ್‌ಗೋ ದಿನ ಗೊತ್ತಾದ ಕೂಡಲೇ ಮನೆಯವರು ಹೇಳುವ ಮಾತು ಒಂದೇ: "ಇನ್ನು ಅಲ್ಲಾಡಬೇಡಿ, ಸುಮ್ಮನೆ ಮಲಗಿರಿ." ಹೃದಯಾಘಾತವಾಗಿ ಎರಡು ದಿನವಾದವರಿಗೆ, ಕೂತಲ್ಲೇ ಎದೆನೋವು ಬರುವವರಿಗೆ ಆ ಮಾತು ಸರಿ. ಆದರೆ ಇಷ್ಟು ದೂರ ನಡೆದರೆ ನೋವು ಬರುತ್ತದೆ, ನಿಂತರೆ ಹೋಗುತ್ತದೆ ಎಂದು ಲೆಕ್ಕಕ್ಕೆ ಸಿಗುವ ಸ್ಥಿತಿಯಲ್ಲಿದ್ದು, ಸರ್ಕಾರಿ ಆರೋಗ್ಯ ಯೋಜನೆಯ ಮಂಜೂರಾತಿಗೋ ಆಸ್ಪತ್ರೆಯ ಹಾಸಿಗೆಗೋ ಮೂರು ನಾಲ್ಕು ವಾರ ಕಾಯುತ್ತಿರುವವರಿಗೆ ಪೂರ್ತಿ ಮಲಗುವುದರಿಂದ ನಷ್ಟವೇ ಹೆಚ್ಚು. ಆ ವಾರಗಳಲ್ಲಿ ಕಾಲಿನ ಶಕ್ತಿ ಇಳಿಯುತ್ತದೆ, ಶ್ವಾಸಕೋಶದ ತಳಭಾಗ ಸರಿಯಾಗಿ ತೆರೆದುಕೊಳ್ಳುವುದಿಲ್ಲ, ರಕ್ತನಾಳಗಳು ಹಿಗ್ಗುವ ಗುಣ ಕಡಿಮೆಯಾಗುತ್ತದೆ. ಅದೇ ವಾರಗಳನ್ನು ಅಳತೆಯಿಟ್ಟು ಬಳಸಿಕೊಂಡರೆ ಆಂಜಿಯೋಗ್ರಾಂ, ಸ್ಟೆಂಟ್ ಕೆಲಸ ನಡೆಯುವ ಕ್ಯಾಥ್ ಲ್ಯಾಬ್‌ಗೋ ಆಪರೇಷನ್ ಥಿಯೇಟರ್‌ಗೋ ಹೋಗುವ ದೇಹವೇ ಬೇರೆಯಾಗಿರುತ್ತದೆ.

ಒಂದು ಮಾತು ಮೊದಲೇ ಸ್ಪಷ್ಟವಾಗಿರಲಿ. ಈ ವ್ಯಾಯಾಮದಿಂದ ಬ್ಲಾಕ್ ಕರಗುವುದಿಲ್ಲ. ನಾಲ್ಕು ವಾರ ನಡೆದು ಹಗುರವೆನಿಸಿತೆಂದು ಸ್ಟೆಂಟ್ ಅಥವಾ ಬೈಪಾಸ್ ಮುಂದೂಡುವುದು ಅಪಾಯ. ಇದು ಚಿಕಿತ್ಸೆಗೆ ಮಾಡುವ ತಯಾರಿ, ಅದಕ್ಕೆ ಬದಲಿಯಲ್ಲ.

ರಕ್ತನಾಳದೊಳಗೆ ಆಗುವುದೇನು

ಪ್ರತಿ ರಕ್ತನಾಳದ ಒಳಮೈಗೆ ಒಂದೇ ಜೀವಕೋಶದಷ್ಟು ದಪ್ಪದ ಪದರವಿದೆ. ಎಂಡೋಥೀಲಿಯಂ ಎಂದು ಅದರ ಹೆಸರು. ರಕ್ತ ರಭಸವಾಗಿ ಹರಿದು ಈ ಪದರವನ್ನು ಉಜ್ಜಿದಾಗ ಅದು ನೈಟ್ರಿಕ್ ಆಕ್ಸೈಡ್ ಬಿಡುಗಡೆ ಮಾಡುತ್ತದೆ. ನಾಳದ ಗೋಡೆಯ ಸ್ನಾಯು ಸಡಿಲಗೊಂಡು ನಾಳ ಹಿಗ್ಗುತ್ತದೆ, ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್‌ಗಳು ಅಂಟಿಕೊಳ್ಳುವುದೂ ಕಡಿಮೆಯಾಗುತ್ತದೆ. ಎದೆನೋವು ಬಂದಾಗ ನಾಲಿಗೆಯ ಕೆಳಗಿಡುವ ಸಾರ್ಬಿಟ್ರೇಟ್ ಮಾತ್ರೆ ದೇಹಕ್ಕೆ ಒದಗಿಸುವುದೂ ಇದೇ ನೈಟ್ರಿಕ್ ಆಕ್ಸೈಡ್ ಅನ್ನು. ಇದು ದೇಹ ತಾನೇ ತಯಾರಿಸುವ ಸಂದೇಶವಾಹಕ ಎಂಬುದನ್ನು ಕಂಡುಹಿಡಿದ ಫರ್ಚ್‌ಗಾಟ್, ಇಗ್ನಾರೊ, ಮುರಾದ್ ಅವರಿಗೆ 1998ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಬೀಡಿ ಸಿಗರೇಟು ಮೂರೂ ಈ ಪದರವನ್ನು ಮಂಕಾಗಿಸುತ್ತವೆ. ವ್ಯಾಯಾಮ ಅದನ್ನು ಮತ್ತೆ ಚುರುಕುಗೊಳಿಸುತ್ತದೆ.

ಬೈಪಾಸ್‌ಗೆ ಕಾಯುತ್ತಿದ್ದವರಲ್ಲೇ ಇದನ್ನು ನೇರವಾಗಿ ನೋಡಿದ ಅಧ್ಯಯನವಿದೆ. ಜರ್ಮನಿಯ ಲೈಪ್‌ಜಿಗ್‌ನಲ್ಲಿ ಹ್ಯಾಂಬ್ರೆಕ್ಟ್ ಮತ್ತು ಸಂಗಡಿಗರು ಸ್ಥಿರ ಹೃದ್ರೋಗಿಗಳಿಗೆ ನಾಲ್ಕು ವಾರ ವ್ಯಾಯಾಮ ಮಾಡಿಸಿ, ಶಸ್ತ್ರಚಿಕಿತ್ಸೆಯ ವೇಳೆ ಎದೆಗೋಡೆಯ ಅಪಧಮನಿಯ ಚೂರನ್ನು ತೆಗೆದು ಪರೀಕ್ಷಿಸಿದರು. ಬೈಪಾಸ್‌ನಲ್ಲಿ ಹೃದಯಕ್ಕೆ ಸಾಮಾನ್ಯವಾಗಿ ಜೋಡಿಸುವುದು ಇದೇ ನಾಳವನ್ನು. ವ್ಯಾಯಾಮ ಮಾಡಿದವರ ನಾಳದಲ್ಲಿ ನೈಟ್ರಿಕ್ ಆಕ್ಸೈಡ್ ತಯಾರಿಸುವ ಕಿಣ್ವ ಹೆಚ್ಚು ಚುರುಕಾಗಿತ್ತು. 2003ರಲ್ಲಿ ಪ್ರಕಟವಾದ ಈ ಕೆಲಸದಿಂದ ಗೊತ್ತಾದದ್ದು: ಬದಲಾವಣೆಗೆ ವರ್ಷಗಟ್ಟಲೆ ಬೇಕಿಲ್ಲ, ವಾರಗಳು ಸಾಕು.

ಯಾವ ನಾಳದಲ್ಲಿ ಹರಿವು ಹೆಚ್ಚಿತೋ ಆ ನಾಳಕ್ಕೆ ಹೆಚ್ಚು ಲಾಭ ಎಂಬುದನ್ನು ಲಿವರ್‌ಪೂಲ್‌ನ ಸಂಶೋಧಕರು 2010ರಲ್ಲಿ ತೋರಿಸಿದರು. ಆರೋಗ್ಯವಂತರಿಗೆ ಎಂಟು ವಾರ ಎರಡೂ ಕೈಯಲ್ಲಿ ಹಿಡಿತದ ವ್ಯಾಯಾಮ ಮಾಡಿಸಿ, ಒಂದು ತೋಳಿಗೆ ಮಾತ್ರ ಬಿಪಿ ಪಟ್ಟಿ ಬಿಗಿದು ಹರಿವನ್ನು ತಗ್ಗಿಸಿದರು. ಎರಡೂ ಕೈ ಅಷ್ಟೇ ಕೆಲಸ ಮಾಡಿದರೂ ನಾಳದ ಹಿಗ್ಗುವ ಗುಣ ಸುಧಾರಿಸಿದ್ದು ಪಟ್ಟಿ ಇಲ್ಲದ ಕೈಯಲ್ಲಿ ಮಾತ್ರ. ಹಾಗಾಗಿ ಆಂಜಿಯೋಗ್ರಾಂ ಕೊಳವೆ ಹೋಗುವ ಮಣಿಕಟ್ಟಿನ ನಾಳಕ್ಕೆ ಕೈಯ ವ್ಯಾಯಾಮ, ಉಳಿದ ದೇಹಕ್ಕೆ ನಡಿಗೆ, ಎರಡೂ ಬೇಕು.

ಶುರುಮಾಡುವ ಮುನ್ನ ಕೇಳಬೇಕಾದ ಅಪ್ಪಣೆ

ನಿಮ್ಮ ಹೃದ್ರೋಗ ವೈದ್ಯರು "ನಡೆಯಬಹುದು" ಎಂದು ಬಾಯಿಬಿಟ್ಟು ಹೇಳದೆ ಶುರುಮಾಡಬೇಡಿ. ಇತ್ತೀಚೆಗೆ ಎದೆನೋವು ಪದೇಪದೇ ಬರತೊಡಗಿದ್ದರೆ, ವಿಶ್ರಾಂತಿಯಲ್ಲೇ ಬರುತ್ತಿದ್ದರೆ, ಹೃದಯದ ಎಡ ಮುಖ್ಯನಾಳದಲ್ಲಿ ತೀವ್ರ ಬ್ಲಾಕ್ ಇದ್ದರೆ, ಅಯೋರ್ಟಿಕ್ ಕವಾಟ ತೀರಾ ಕಿರಿದಾಗಿ ತಲೆಸುತ್ತು ಅಥವಾ ಏದುಸಿರು ಇದ್ದರೆ, ಕಾಲು ಊದಿಕೊಂಡು ಚಪ್ಪಟೆ ಮಲಗಲಾಗದಷ್ಟು ಹೃದಯ ಸೋತಿದ್ದರೆ, ಹತೋಟಿಗೆ ಬಾರದ ಎದೆಬಡಿತದ ಏರುಪೇರು ಇದ್ದರೆ ಈ ಲೇಖನದ ನಡಿಗೆಯ ಭಾಗ ನಿಮಗಲ್ಲ. ಜ್ವರ ಬಂದ ದಿನ ಬೇಡ. ಕೂತಾಗಿನ ಬಿಪಿ 180/110ಕ್ಕಿಂತ ಮೇಲಿದ್ದ ದಿನವೂ ಬೇಡ. ಇನ್ಸುಲಿನ್ ಅಥವಾ ಸಕ್ಕರೆ ತಗ್ಗಿಸುವ ಮಾತ್ರೆ ತೆಗೆದುಕೊಳ್ಳುವವರು ಹೊರಡುವ ಮುಂಚೆ ಗ್ಲುಕೋಮೀಟರಿನಲ್ಲಿ ನೋಡಿಕೊಳ್ಳಿ. 100ಕ್ಕಿಂತ ಕಡಿಮೆಯಿದ್ದರೆ ಏನಾದರೂ ತಿಂದು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡಿ ಹೊರಡಿ.

ವೈದ್ಯರನ್ನು ಇನ್ನೆರಡು ಪ್ರಶ್ನೆ ಕೇಳಿಕೊಳ್ಳಿ. ಆಂಜಿಯೋಗ್ರಾಂ ಯಾವ ಕೈಯಿಂದ ಮಾಡುತ್ತೀರಿ? ಟಿಎಂಟಿಯಲ್ಲಿ (ಟ್ರೆಡ್‌ಮಿಲ್ ಮೇಲೆ ನಡೆಸಿ ಮಾಡುವ ಪರೀಕ್ಷೆಯಲ್ಲಿ) ಎಷ್ಟು ಬಡಿತಕ್ಕೆ ಇಸಿಜಿ ಬದಲಾಯಿತು? ಆ ಸಂಖ್ಯೆ ಸಿಕ್ಕರೆ ಅದಕ್ಕಿಂತ 10 ಕಡಿಮೆ ಬಡಿತವೇ ನಿಮ್ಮ ಮಿತಿ. 120ಕ್ಕೆ ಬದಲಾಗಿದ್ದರೆ 110 ದಾಟಬಾರದು.

ಕೈಯ ವ್ಯಾಯಾಮ

ಈಗ ಹೆಚ್ಚಿನ ಆಂಜಿಯೋಗ್ರಾಂ ಮಣಿಕಟ್ಟಿನಿಂದಲೇ ಆಗುತ್ತದೆ. ಕೆನಡಾದ ಮಾಂಟ್ರಿಯಲ್‌ನ ವೈದ್ಯ ಲೂಸಿಯನ್ ಕಾಂಪೋ 1989ರಲ್ಲಿ ಪ್ರಕಟಿಸಿದ ದಾರಿ ಇದು. ತೊಡೆಸಂದಿನ ದಾರಿಗಿಂತ ರಕ್ತಸ್ರಾವ ಕಡಿಮೆ, ಬೇಗ ಎದ್ದು ಓಡಾಡಬಹುದು. ತೊಡಕು ಅಳತೆಯದ್ದು. ಹಲವರ ರೇಡಿಯಲ್ ಅಪಧಮನಿಯ (ಮಣಿಕಟ್ಟಿನ ಈ ನಾಳದ) ಒಳ ಅಳತೆ 2ರಿಂದ 3 ಮಿ.ಮೀ.; ಸಾಮಾನ್ಯವಾಗಿ ಬಳಸುವ 6 ಫ್ರೆಂಚ್ (ಕೊಳವೆಯ ದಪ್ಪ ಹೇಳುವ ಮಾನ) ಕೊಳವೆಯ ಹೊರ ಅಳತೆಯೇ ಸುಮಾರು 2.5 ಮಿ.ಮೀ. ನಾಳ ಚಿಕ್ಕದಿದ್ದು ಬಿಗಿಯಾದರೆ ಕೊಳವೆಯನ್ನು ಕಚ್ಚಿಕೊಂಡಂತೆ ಹಿಡಿಯುತ್ತದೆ, ತೋಳು ಸೆಳೆಯುತ್ತದೆ, ಕೆಲವೊಮ್ಮೆ ದಾರಿ ಬದಲಿಸಬೇಕಾಗುತ್ತದೆ. ಹೆಂಗಸರಲ್ಲಿ, ಗಿಡ್ಡ ಮೈಕಟ್ಟಿನವರಲ್ಲಿ, ಹೊಗೆ ಸೇದುವವರಲ್ಲಿ, ತುಂಬ ಹೆದರಿದವರಲ್ಲಿ ಇದು ಹೆಚ್ಚು. ಕೊಳವೆ ತೆಗೆದ ಮೇಲೆ ನಾಳ ಮುಚ್ಚಿಹೋಗುವುದೂ ಉಂಟು.

ಬೇಕಾದ ಸಾಮಾನು ಒಂದು ಮೆತ್ತನೆ ಸ್ಪಂಜಿನ ಚೆಂಡು, ಮುಷ್ಟಿಯಲ್ಲಿ ಹಿಡಿದಾಗ ಬೆರಳ ತುದಿಗಳು ಅಂಗೈಯನ್ನು ಹೆಚ್ಚುಕಮ್ಮಿ ಮುಟ್ಟುವಷ್ಟು. ಟೆನಿಸ್ ಚೆಂಡು ತೀರಾ ಗಟ್ಟಿ. ಸ್ಪ್ರಿಂಗ್ ಇರುವ ಹ್ಯಾಂಡ್ ಗ್ರಿಪ್ಪರ್ ಬೇಡವೇ ಬೇಡ. ಚೆಂಡು ಸಿಗದಿದ್ದರೆ ಹಳೆಯ ಟವೆಲನ್ನು ಸುರುಳಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿಕೊಳ್ಳಿ.

1. ವಾಚು, ಬಿಗಿ ಬಳೆ, ಕಡಗ ತೆಗೆದಿಡಿ. ಕುರ್ಚಿಯಲ್ಲಿ ಕೂತು ಮುಂಗೈಯನ್ನು ಮೇಜಿನ ಮೇಲೆ, ಎದೆಯ ಮಟ್ಟಕ್ಕೆ, ಅಂಗೈ ಮೇಲಾಗಿ ಇಡಿ. ಮಣಿಕಟ್ಟು ಬಾಗದೆ ನೇರವಿರಲಿ.
2. ಒಮ್ಮೆ ಸಾಧ್ಯವಾದಷ್ಟು ಬಿಗಿಯಾಗಿ ಹಿಸುಕಿ ಬಿಡಿ, ಉಸಿರು ಕಟ್ಟಬಾರದು. ಅದನ್ನು 10 ಎಂದುಕೊಳ್ಳಿ. ನೀವು ಮಾಡಬೇಕಾದದ್ದು 3ರಷ್ಟು ಬಲದ ಹಿಸುಕು.
3. ಒಂದು ಸೆಕೆಂಡ್ ಹಿಸುಕಿ, ಒಂದು ಸೆಕೆಂಡ್ ಪೂರ್ತಿ ಬಿಡಿ. ನಿಮಿಷಕ್ಕೆ 30 ಸಲ. "ಹಿಡಿ, ಬಿಡು" ಎಂದು ಬಾಯಲ್ಲಿ ಹೇಳುತ್ತ ಮಾಡಿದರೆ ಲಯವೂ ಸಿಗುತ್ತದೆ, ಉಸಿರೂ ಕಟ್ಟುವುದಿಲ್ಲ.
4. ಮೊದಲ ವಾರ ಪ್ರತಿ ಕೈಗೆ 5 ನಿಮಿಷ, ದಿನಕ್ಕೆ ಎರಡು ಹೊತ್ತು. ಎರಡನೇ ವಾರ 10 ನಿಮಿಷ. ಮೂರನೇ ವಾರದಿಂದ 15 ನಿಮಿಷ. ವಾರಕ್ಕೆ ಐದಾರು ದಿನ ಸಾಕು.

ಎಡವುವುದು ಹೆಚ್ಚಾಗಿ ಮೂರನೇ ಹೆಜ್ಜೆಯಲ್ಲಿ. ಬಲ ಹೆಚ್ಚಿದಷ್ಟೂ ಒಳ್ಳೆಯದೆಂದು ಭಾವಿಸಿ ಬಿಗಿಹಿಡಿದು ಎಣಿಸುತ್ತ ಕೂರುತ್ತಾರೆ. ಹಿಡಿದಷ್ಟು ಹೊತ್ತು ಸ್ನಾಯು ನಾಳಗಳನ್ನು ಅದುಮುತ್ತದೆ, ಬಿಪಿ ಏರುತ್ತದೆ, ಹೃದಯ ಆ ಒತ್ತಡದ ಎದುರು ದುಡಿಯಬೇಕಾಗುತ್ತದೆ. ರಕ್ತ ನುಗ್ಗುವುದು ಬಿಟ್ಟಾಗ. ಒಳಪದರ ಉಜ್ಜಿಸಿಕೊಳ್ಳುವುದೂ ಆಗಲೇ. ಆದ್ದರಿಂದ ಬೆರಳು ಪೂರ್ತಿ ಸಡಿಲಬಿಡುವುದು ಹಿಸುಕುವಷ್ಟೇ ಮುಖ್ಯ. ಸರಿಯಾಗಿ ಮಾಡಿದ ಐದು ನಿಮಿಷಕ್ಕೆ ಮುಂಗೈ ಬೆಚ್ಚಗಾಗುತ್ತದೆ, ಹಿಂಗೈಯ ನರಗಳು ಉಬ್ಬಿ ಕಾಣುತ್ತವೆ. ನೋವು, ಜೋಮು, ಬೆರಳು ಟಕ್ಕೆಂದು ಸಿಕ್ಕಿಕೊಳ್ಳುವುದು ಕಂಡರೆ ಒಂದೆರಡು ದಿನ ಬಿಟ್ಟು, ಚೆಂಡಿಲ್ಲದೆ ಬರಿಗೈ ಮಡಚಿ ಬಿಚ್ಚುವುದರಿಂದ ಮತ್ತೆ ಶುರುಮಾಡಿ. ಸಕ್ಕರೆ ಕಾಯಿಲೆಯವರಲ್ಲಿ ಬೆರಳು ಸಿಕ್ಕಿಕೊಳ್ಳುವ ತೊಂದರೆ ಹೆಚ್ಚು.

ಎರಡೂ ಕೈಗೆ ಮಾಡಿ. ಸಾಮಾನ್ಯವಾಗಿ ಬಲಗೈಯಿಂದ ಹೋಗುವುದಾದರೂ, ಹಿಂದೆ ಬೈಪಾಸ್ ಆದವರಿಗೆ ಎಡಗೈ ಆರಿಸುತ್ತಾರೆ. ಬೈಪಾಸ್‌ಗೆ ಮುಂಗೈಯ ನಾಳವನ್ನೇ ತೆಗೆದು ಬಳಸುವುದಿದ್ದರೆ ಅದು ಹೆಚ್ಚಾಗಿ ಕೆಲಸಕ್ಕೆ ಕಡಿಮೆ ಬಳಸುವ ಕೈಯದ್ದು. ಹಾಗೆ ಗೊತ್ತಾದ ಕೈಯಲ್ಲಿ ರಕ್ತಪರೀಕ್ಷೆಯ ಸೂಜಿ, ಡ್ರಿಪ್ ಹಾಕಿಸಿಕೊಳ್ಳಬೇಡಿ. ಇನ್ನೊಂದು ಕೈ ಚಾಚಿ. ಡಯಾಲಿಸಿಸ್ ಫಿಸ್ಟುಲಾ ಇರುವ ಕೈಗೆ ವ್ಯಾಯಾಮ ಬೇಕೇ, ಎಷ್ಟು ಎಂಬುದನ್ನು ಕಿಡ್ನಿ ವೈದ್ಯರೇ ಹೇಳಬೇಕು.

ಬಿಪಿ ಪಟ್ಟಿಯನ್ನು ತೋಳಿಗೆ ಕಟ್ಟಿ ಐದೈದು ನಿಮಿಷ ರಕ್ತ ನಿಲ್ಲಿಸಿ ಬಿಡುವ ವಿಧಾನವೊಂದು ಕೆಲವರ ಕಿವಿಗೆ ಬಿದ್ದಿರಬಹುದು. ಹೃದಯ ಶಸ್ತ್ರಚಿಕಿತ್ಸೆಗೆ ಮುಂಚೆ ಅದನ್ನು ಮಾಡಿ ನೋಡಿದ ಎರಡು ದೊಡ್ಡ ಪರೀಕ್ಷೆಗಳ ಫಲಿತಾಂಶ 2015ರಲ್ಲಿ ಬಂತು. ರೋಗಿಗಳಿಗೆ ಪ್ರಯೋಜನ ಕಾಣಲಿಲ್ಲ. ಮನೆಯಲ್ಲಿ ಆ ಪ್ರಯತ್ನ ಬೇಡ.

ನಡಿಗೆ

ಸಮತಟ್ಟಾದ ದಾರಿ ಹುಡುಕಿ: ಶಾಲೆಯ ಮೈದಾನ, ಪಾರ್ಕು, ಮನೆಯ ತಾರಸಿ, ಏನೂ ಇಲ್ಲದಿದ್ದರೆ ಉದ್ದನೆಯ ಪಡಸಾಲೆ. ಮಲೆನಾಡಿನವರಿಗೂ ಕರಾವಳಿಯವರಿಗೂ ಮನೆ ಬಿಟ್ಟರೆ ಏರು ಸಿಗುತ್ತದೆ. ಏರಿನಲ್ಲಿ ನಿಮ್ಮ ಲೆಕ್ಕವೆಲ್ಲ ತಪ್ಪುತ್ತದೆ, ಅಂಗಳದಲ್ಲೇ ಸುತ್ತು ಹಾಕುವುದು ವಾಸಿ. ಆಪರೇಷನ್‌ಗೆ ಮುಂಚೆ ಹರಕೆ ತೀರಿಸುತ್ತೇನೆಂದು ಬೆಟ್ಟದ ಮೆಟ್ಟಿಲು ಹತ್ತುವುದನ್ನು ದಯವಿಟ್ಟು ಬಿಡಿ. ದೇವರ ದರ್ಶನಕ್ಕೆ ವಾಹನದಲ್ಲಿ ಹೋದರೂ ಆಗುತ್ತದೆ.

ಡಿಸೆಂಬರ್, ಜನವರಿಯ ನಸುಕಿನ ಚಳಿಗಾಳಿ ಎದೆನೋವನ್ನು ಎಬ್ಬಿಸುತ್ತದೆ. ಬಿಸಿಲು ಸ್ವಲ್ಪ ಏರಿದ ಮೇಲೆ ಹೊರಡಿ. ಊಟವಾಗಿ ಒಂದೂವರೆ ಎರಡು ಗಂಟೆ ಕಳೆದಿರಬೇಕು, ಏಕೆಂದರೆ ಉಂಡ ತಕ್ಷಣ ರಕ್ತ ಹೊಟ್ಟೆಯ ಕಡೆಗೆ ಹೆಚ್ಚು ಹರಿಯುತ್ತದೆ, ಹೃದಯಕ್ಕೆ ಎರಡು ಕೆಲಸ ಒಟ್ಟಿಗೆ ಬೀಳುತ್ತದೆ. ಜೇಬಿನಲ್ಲಿ ಸಾರ್ಬಿಟ್ರೇಟ್, ಫೋನು. ಮೊದಲ ವಾರ ಜೊತೆಗೊಬ್ಬರು.

ಮೊದಲ ಐದು ನಿಮಿಷ ತೀರಾ ನಿಧಾನ. ಈ ಐದು ನಿಮಿಷ ಬಿಟ್ಟು ನೇರ ಬಿರುಸಾಗಿ ಹೊರಟವರಿಗೇ ನೋವು ಬೇಗ ಬರುವುದು. ನಾಳಗಳು ಹಿಗ್ಗಲು ಸಮಯ ಬೇಕು. ಆಮೇಲೆ ಮೊದಲ ವಾರ 5 ನಿಮಿಷ ನಡಿಗೆ, 2 ನಿಮಿಷ ಕೂರುವುದು, ಹೀಗೆ ಮೂರು ಸಲ. ಎರಡನೇ ವಾರ 8 ನಿಮಿಷದ ಮೂರು ಕಂತು. ಮೂರನೇ ವಾರ 12ರಿಂದ 15 ನಿಮಿಷದ ಎರಡು ಕಂತು. ನಾಲ್ಕನೇ ವಾರ ನಿಲ್ಲದೆ 25ರಿಂದ 30 ನಿಮಿಷ. ಕೊನೆಯ ಐದು ನಿಮಿಷ ಮತ್ತೆ ನಿಧಾನ. ಥಟ್ಟನೆ ನಿಂತರೆ ಕಾಲಲ್ಲೇ ರಕ್ತ ಉಳಿದು ತಲೆಸುತ್ತುತ್ತದೆ, ಬಿಪಿ ಮಾತ್ರೆ ತೆಗೆದುಕೊಳ್ಳುವವರಿಗೆ ಇನ್ನೂ ಹೆಚ್ಚು. ಒಂದು ವಾರದ ಅಳತೆ ಕಷ್ಟವೆನಿಸಿದರೆ ಅದನ್ನೇ ಇನ್ನೊಂದು ವಾರ ಮಾಡಿ. ಕೈಯಲ್ಲಿ ಹತ್ತೇ ದಿನ ಉಳಿದಿದ್ದರೆ ಮೊದಲ ಎರಡು ವಾರದ ಅಳತೆಗೇ ನಿಲ್ಲಿಸಿ. ನಾಲ್ಕು ವಾರದ್ದನ್ನು ಹತ್ತು ದಿನಕ್ಕೆ ತುರುಕಬೇಡಿ.

ವೇಗ ಎಷ್ಟಿರಬೇಕು? ಪಕ್ಕದವರ ಜೊತೆ ಪೂರ್ತಿ ವಾಕ್ಯ ಆಡಲು ಬರಬೇಕು, ಹಾಡು ಹೇಳಲು ಮಾತ್ರ ಕಷ್ಟವಾಗಬೇಕು. ಎರಡು ಪದಕ್ಕೊಮ್ಮೆ ಉಸಿರೆಳೆಯಬೇಕಾದರೆ ಹೆಚ್ಚಾಯಿತು. ನಾಡಿ ಎಣಿಸುವವರಿಗೆ, ಟಿಎಂಟಿ ಸಂಖ್ಯೆ ಇಲ್ಲದಿದ್ದರೆ, ಕೂತಾಗಿನ ಬಡಿತಕ್ಕಿಂತ 20 ಹೆಚ್ಚು ಸಾಕು, 30 ದಾಟಬಾರದು. ಮೆಟೊಪ್ರೊಲಾಲ್‌ನಂಥ ಮಾತ್ರೆ ತೆಗೆದುಕೊಳ್ಳುವವರಲ್ಲಿ ಬಡಿತ ಅಷ್ಟಾಗಿ ಏರುವುದಿಲ್ಲ. ಸ್ಮಾರ್ಟ್ ವಾಚ್ 80 ತೋರಿಸುತ್ತಿದೆಯೆಂದು ವೇಗ ಹೆಚ್ಚಿಸುವುದು ಅವರು ಮಾಡುವ ದೊಡ್ಡ ತಪ್ಪು. ಅವರಿಗೆ ಮಾತಿನ ಪರೀಕ್ಷೆಯೇ ಮಾಪಕ.

ನಡಿಗೆಯ ಜೊತೆಗೆ ದಿನ ಬಿಟ್ಟು ದಿನ, ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು 8ರಿಂದ 10 ಸಲ, ಗೋಡೆ ಹಿಡಿದು ಹಿಮ್ಮಡಿ ಎತ್ತುವುದು 10ರಿಂದ 15 ಸಲ, ತಲಾ ಎರಡು ಸುತ್ತು. ಏಳುವಾಗ ಉಸಿರು ಬಿಡಬೇಕು. ಬೈಪಾಸ್ ಆದವರು ಕೆಲವು ವಾರ ಕೈ ಊರಿ ಏಳುವಂತಿಲ್ಲ. ತೊಡೆಯ ಬಲ ಈಗಲೇ ಕೂಡಿಟ್ಟುಕೊಂಡಿದ್ದರೆ ಶೌಚಾಲಯಕ್ಕೆ ಹೋಗಲೂ ಇನ್ನೊಬ್ಬರನ್ನು ಕರೆಯುವ ಸ್ಥಿತಿ ಬರುವುದಿಲ್ಲ.

ನೋವು ಬಂದರೆ

ಎದೆ, ದವಡೆ, ಎಡತೋಳು, ಹೊಟ್ಟೆಯ ಮೇಲ್ಭಾಗ, ಎಲ್ಲೇ ಹಿಡಿತ ಬಂದರೂ "ಗ್ಯಾಸು" ಎನ್ನದೆ ನಿಲ್ಲಿ. ಕೂತುಕೊಳ್ಳಿ. ವೈದ್ಯರು ಬರೆದುಕೊಟ್ಟ ಮಾತ್ರೆಯನ್ನು ಕೂತೇ ನಾಲಿಗೆಯ ಕೆಳಗಿಡಿ. ನಿಂತು ಇಟ್ಟುಕೊಂಡರೆ ಬಿಪಿ ಇಳಿದು ಬೀಳುವ ಅಪಾಯ. ಐದು ನಿಮಿಷದಲ್ಲಿ ಹೋಗದಿದ್ದರೆ 108ಕ್ಕೆ ಕರೆ ಮಾಡಿ. ಸ್ಕೂಟರ್ ಹಿಂದೆ ಕೂತು ಆಸ್ಪತ್ರೆಗೆ ಹೋಗಬೇಡಿ. ಲೈಂಗಿಕ ಶಕ್ತಿಗೆಂದು ಸಿಲ್ಡೆನಾಫಿಲ್ ತೆಗೆದುಕೊಂಡಿದ್ದರೆ 24 ಗಂಟೆ, ಟಡಲಾಫಿಲ್ ಆದರೆ 48 ಗಂಟೆ ಸಾರ್ಬಿಟ್ರೇಟ್ ಇಡಬಾರದು, ಬಿಪಿ ಕುಸಿಯುತ್ತದೆ. ಸಂಕೋಚಪಟ್ಟು ಇದನ್ನು ಬಚ್ಚಿಟ್ಟರೆ ಜೀವಕ್ಕೇ ಕುತ್ತು.

ನೋವು ಬೇಗ ಹೋದರೂ ಆ ದಿನದ ವ್ಯಾಯಾಮ ಮುಗಿಯಿತು. ಮೊನ್ನೆ ಹತ್ತು ನಿಮಿಷಕ್ಕೆ ಬರುತ್ತಿದ್ದದ್ದು ಇವತ್ತು ನಾಲ್ಕಕ್ಕೇ ಬಂದರೆ ರೋಗದ ನಡೆ ಬದಲಾಗಿದೆ ಎಂದರ್ಥ. ಆ ದಿನವೇ ವೈದ್ಯರಿಗೆ ತಿಳಿಸಿ. ಮೂರು ದಿನದಲ್ಲಿ ತೂಕ 2 ಕೆ.ಜಿ. ಏರಿದ್ದರೆ ದೇಹದಲ್ಲಿ ನೀರು ತುಂಬುತ್ತಿರಬಹುದು, ಅದನ್ನೂ ತಿಳಿಸಿ.

ಉಸಿರಿನ ಅಭ್ಯಾಸ, ಬೈಪಾಸ್‌ಗೆ ಹೋಗುವವರಿಗೆ

ನೆದರ್ಲೆಂಡ್ಸ್‌ನ ಉಟ್ರೆಕ್ಟ್‌ನಲ್ಲಿ, ಶ್ವಾಸಕೋಶದ ತೊಡಕು ಬರುವ ಸಾಧ್ಯತೆ ಹೆಚ್ಚಿದ್ದ 279 ಬೈಪಾಸ್ ರೋಗಿಗಳ ಮೇಲೆ ನಡೆದ, 2006ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಒಂದು ಗುಂಪಿಗೆ ಕನಿಷ್ಠ ಎರಡು ವಾರ, ದಿನಕ್ಕೆ 20 ನಿಮಿಷ, ಉಸಿರೆಳೆಯುವಾಗ ತಡೆಯೊಡ್ಡುವ ಸಾಧನದಿಂದ ಅಭ್ಯಾಸ ಮಾಡಿಸಿದರು. ಶಸ್ತ್ರಚಿಕಿತ್ಸೆಯ ನಂತರ ಶ್ವಾಸಕೋಶದ ತೊಡಕು ಬಂದದ್ದು ಅವರಲ್ಲಿ ನೂರಕ್ಕೆ 18 ಜನರಿಗೆ, ಅಭ್ಯಾಸವಿಲ್ಲದವರಲ್ಲಿ 35 ಜನರಿಗೆ. ಆ ಸಾಧನ ಸಿಕ್ಕರೆ ಫಿಸಿಯೋಥೆರಪಿಸ್ಟ್ ಬಳಿ ಅಳತೆ ಹೊಂದಿಸಿಕೊಳ್ಳಿ.

ನಮ್ಮಲ್ಲಿ ಸುಲಭವಾಗಿ ಸಿಗುವುದು ಮೂರು ಚೆಂಡಿನ ಸ್ಪೈರೋಮೀಟರ್. ಅದು ಬೇರೆ ಸಾಧನ, ಆ ಫಲಿತಾಂಶವನ್ನು ಇದಕ್ಕೆ ಅಂಟಿಸುವಂತಿಲ್ಲ. ಆದರೂ ಆಪರೇಷನ್ ಆದ ಮೇಲೆ ಆಸ್ಪತ್ರೆಯಲ್ಲಿ ಅದನ್ನೇ ಕೈಗೆ ಕೊಡುವುದರಿಂದ ಮೊದಲೇ ಕಲಿತಿರಬೇಕು. ಬಹಳ ಜನ ಅದರೊಳಗೆ ಊದುತ್ತಾರೆ. ಊದುವುದಲ್ಲ, ಎಳೆಯುವುದು. ನೆಟ್ಟಗೆ ಕೂತು, ಉಸಿರು ಪೂರ್ತಿ ಬಿಟ್ಟು, ಕೊಳವೆಯನ್ನು ತುಟಿಯಿಂದ ಬಿಗಿಹಿಡಿದು ನಿಧಾನ ಎಳೆಯಿರಿ. ಮೂರೂ ಚೆಂಡು ಒಮ್ಮೆಲೇ ಹಾರಿಸುವುದು ಗುರಿಯಲ್ಲ. ಒಂದೋ ಎರಡೋ ಚೆಂಡನ್ನು ಮೂರು ಸೆಕೆಂಡ್ ಮೇಲೆ ನಿಲ್ಲಿಸುವುದು ಗುರಿ. ಹತ್ತು ಉಸಿರು, ದಿನಕ್ಕೆ ನಾಲ್ಕೈದು ಹೊತ್ತು. ತಲೆ ಹಗುರವೆನಿಸಿದರೆ ನಿಲ್ಲಿಸಿ ಮಾಮೂಲಿ ಉಸಿರಾಡಿ. ದಿಂಬನ್ನು ಎದೆಗೆ ಅಪ್ಪಿಕೊಂಡು ಕೆಮ್ಮುವುದನ್ನೂ, ಪಕ್ಕಕ್ಕೆ ಹೊರಳಿ ಕಾಲು ಇಳಿಬಿಟ್ಟು ಏಳುವುದನ್ನೂ ಈಗಲೇ ಅಭ್ಯಾಸ ಮಾಡಿ.

ಬೀಡಿ, ಸಿಗರೇಟು, ಗುಟ್ಕಾ, ಎಲೆಅಡಿಕೆಗೆ ಹಾಕುವ ಹೊಗೆಸೊಪ್ಪು ಇಂದೇ ನಿಲ್ಲಬೇಕು. ಬೆಳಿಗ್ಗೆ ಅರ್ಧ ಗಂಟೆ ನಡೆದು ಬಂದು ಒಂದು ಬೀಡಿ ಸೇದಿದರೆ, ನಡಿಗೆ ಹಿಗ್ಗಿಸಿದ ನಾಳವನ್ನು ಹೊಗೆ ಕುಗ್ಗಿಸುತ್ತದೆ.

ಕೊನೆಯ ದಿನಗಳು ಮತ್ತು ಆಮೇಲೆ

ಕೊನೆಯ ಎರಡು ದಿನ ಅಳತೆ ಏರಿಸಬೇಡಿ. ಹಿಂದಿನ ದಿನ 10, 15 ನಿಮಿಷದ ಹಗುರ ನಡಿಗೆ, ಕೈಗೆ ಐದು ನಿಮಿಷ. ಉಪವಾಸವಿರುವ ಬೆಳಿಗ್ಗೆ ನಡಿಗೆ ಬೇಡ. ಕೈಯನ್ನು ಬೆಚ್ಚಗಿಟ್ಟುಕೊಳ್ಳಿ: ಎ.ಸಿ. ಕೋಣೆಯಲ್ಲಿ ಕಾಯುವಾಗ ಶಾಲು ಹೊದ್ದುಕೊಳ್ಳಿ, ಚಳಿಗೆ ನಾಳ ಕುಗ್ಗುತ್ತದೆ. ಬಿಸಿನೀರಿನ ಚೀಲ ಮಾತ್ರ ಬೇಡ. ಸಕ್ಕರೆ ಕಾಯಿಲೆಯಿಂದ ಸ್ಪರ್ಶ ಮಂದವಾದವರಿಗೆ ಸುಟ್ಟದ್ದೂ ಗೊತ್ತಾಗುವುದಿಲ್ಲ.

ಆಂಜಿಯೋಗ್ರಾಂ ಆಗಿ ಮಣಿಕಟ್ಟಿನ ಪಟ್ಟಿ ಬಿಚ್ಚಿದ ಮೇಲೆ ಆ ಕೈ ಊರಿ ಏಳಬೇಡಿ. ನೀರಿನ ಬಿಂದಿಗೆ, ಚೀಲ ಎತ್ತಬೇಡಿ, ಸುಮಾರು ಒಂದು ವಾರ. ಬೆರಳು ಬಿಳಿಚಿ ತಣ್ಣಗಾದರೆ ಕೂಡಲೇ ಆಸ್ಪತ್ರೆಗೆ ತಿಳಿಸಿ. ಮುಂಗೈ ಊದಿ ಬಿಗಿಯಾದರೆ ಅಥವಾ ರಕ್ತ ಜಿನುಗಿದರೆ ಅಲ್ಲೇ ಒತ್ತಿ ಹಿಡಿದು ಆಸ್ಪತ್ರೆಗೆ ತಿಳಿಸಿ. ಮರುಭೇಟಿಯಲ್ಲಿ ಮಣಿಕಟ್ಟಿನ ನಾಡಿ ನೋಡಿ ಎಂದು ನೀವೇ ಕೇಳಿ, ಏಕೆಂದರೆ ನಾಳ ಮುಚ್ಚಿದ್ದರೂ ಇನ್ನೊಂದು ನಾಳದಿಂದ ಕೈಗೆ ರಕ್ತ ಸಿಗುವ ಕಾರಣ ಬಹಳ ಜನಕ್ಕೆ ಏನೂ ಅನ್ನಿಸುವುದಿಲ್ಲ. ಮೊದಲು ಆಂಜಿಯೋಗ್ರಾಂ, ಕೆಲವು ವಾರ ಬಿಟ್ಟು ಸ್ಟೆಂಟ್ ಎಂದಿದ್ದರೆ ಅದೇ ಮಣಿಕಟ್ಟು ಮತ್ತೆ ಬೇಕಾಗುತ್ತದೆ. ಕೊಳವೆ ಹೋಗಿಬಂದ ನಾಳದ ಒಳಪದರಕ್ಕೆ ಪೆಟ್ಟಾಗಿರುತ್ತದೆ. ಗಾಯ ಒಣಗಿ ವೈದ್ಯರು ಒಪ್ಪಿದ ಮೇಲೆ ಬರಿಗೈ ಮಡಚಿ ಬಿಚ್ಚುವುದರಿಂದ ಆರಂಭಿಸಿ, ಮೊದಲ ವಾರದ ಐದು ನಿಮಿಷದ ಅಳತೆಗೆ ಬನ್ನಿ.